ಬದನೆಕಾಯಿ ಬಣ್ಣದ ಜಂಪರ್ ಪೀಸು

ನನ್ನ ಮೊದಲ ಚಿತ್ರಪ್ರದರ್ಶನದ ಆಹ್ವಾನ ಪತ್ರಿಕೆಯಲ್ಲಿ ಮೇಲೆ ಗಣಪತಿ ಇದ್ದ. ಕೆಳಗೆ ‘ತಮ್ಮ ಆಗಮನಾಭಿಲಾಷಿಗಳು’ ಎಂದು ಮನೆತನದವರೆಲ್ಲರ ಹೆಸರುಗಳಿದ್ದವು. ನಡುವೆ, ವಧುವಿನ ಹೆಸರಿರಬೇಕಾದ ಜಾಗದಲ್ಲಿ, ನಾನಿದ್ದೆ. ನಮ್ಮ ಚನ್ನಗಿರಿಯಲ್ಲಿ ಅಪ್ಪನಿಗೆ ಪರಿಚಯದ ಪ್ರೆಸ್ಸಿನವರ ಹತ್ತಿರ ಮದುವೆ, ಗೃಹಪ್ರವೇಶ, ಸತ್ತವರ ಶಿವಗಣಾರಾಧನೆ ಇಷ್ಟಕ್ಕೇ ಮಾದರಿಗಳಿದ್ದವಂತೆ. ಇದ್ದುದರಲ್ಲಿ ಮದುವೆಯೇ ವಾಸಿ ಎಂದು ಅಪ್ಪ ಒಪ್ಪಿಕೊಂಡು ಬಂದಿದ್ದ. ‘ಆಶೀರ್ವಾದವೇ ಉಡುಗೊರೆ’ ಎಂಬ ಸಾಲೂ ಉಳಿದುಕೊಂಡಿತ್ತು. ಅವ್ವ ಪ್ರತಿ ಕಾರ್ಡಿನ ಮೂಲೆಗೂ ಅರಿಸಿನ ಹಚ್ಚಿದಳು. ಆಮೇಲೆ ಅದನ್ನು ಚಿತ್ರಪ್ರದರ್ಶನ ಎಂದು ನಂಬಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ನಾನು ಅಂದುಕೊಂಡಿದ್ದು ತೀರ ಸಣ್ಣದು. ದಾವಣಗೆರೆಯಲ್ಲಿ ಚಿತ್ರಕಲೆ ಓದಿ ಮುಗಿಸಿ ಬಂದ ಮೇಲೆ, ಬೆಳಿಗ್ಗೆ ಒಂದು ಶಾಲೆಯಲ್ಲಿ ಡ್ರಾಯಿಂಗ್ ಪಾಠ, ಮಧ್ಯಾಹ್ನ ನಮ್ಮ ಮನೆಯ ಮಾಳಿಗೆಯ ಮೇಲೆ ಅಪ್ಪನ ಅಡಿಕೆ ಚೀಲಗಳ ನಡುವೆ ಕೂತು ನನ್ನ ಕೆಲಸ. ಹಾಗೆ ಮಾಡಿದ ಒಂದಷ್ಟು ಚಿತ್ರಗಳನ್ನು ಊರಿನ ವಾಚನಾಲಯದ ಮೇಲಿನ ಹಾಲಿನಲ್ಲಿ ಶನಿವಾರ, ಭಾನುವಾರ ನೇತುಹಾಕುವುದು, ಗೆಳತಿಯರಿಗೆ ಫೋನಿನಲ್ಲಿ ತಿಳಿಸುವುದು. ಅಷ್ಟೇ.

“ಫೋನಿನಾಗೆ ಕರೆದ್ರೆ ಯಾರು ಬರ್ತಾರೆ? ಮನಿಗೆ ಹೋಗಿ ಕರೀಬೇಕು,” ಅಂದ ಅಪ್ಪ.

“ಯಾರೂ ಬರದಿದ್ದರೂ ನಡೆಯುತ್ತೆ.” ಅದು ವಿನಯವಲ್ಲ, ನನ್ನ ಆಸೆಯೇ ಅದಾಗಿತ್ತು.

“ಯಾರೂ ಬರ್ದೇ ಇರಾಕೆ ಹಾಲ್ ಯಾತಕ್ಕೆ? ಮಾಳಿಗಿ ಮ್ಯಾಲೇ ಜಾಗ ಐತಲ್ಲ.”

ಅಪ್ಪ ಎದ್ದುಹೋದ ಮೇಲೆ ಅವ್ವ ಅರಿಸಿನದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಹೇಳಿದಳು: “ನಿನ್ನ ಚಿತ್ರಕ್ಕೆ ಕುಣಿತಾ ಇಲ್ಲ ಅವ್ರು. ಜಗಳೂರಿಗೆ ಹೋಗಾಕೆ ಒಂದು ನೆವ ಬೇಕಿತ್ತು.”

ಜಗಳೂರಿನಲ್ಲಿರುವುದು ನನ್ನ ಅತ್ತೆ, ಅಪ್ಪನ ಅಕ್ಕ. ಅಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ನಮ್ಮ ಮನೆಯ ಗೃಹಪ್ರವೇಶದ ದಿನ ಊಟ ಮಾಡದೆ ಎದ್ದುಹೋದವಳು ಮತ್ತೆ ಬಂದಿಲ್ಲ. ಅಪ್ಪ ಫೋನ್ ಮಾಡಿದಾಗಲೆಲ್ಲ ಮಾವ ಎತ್ತಿ, “ಸ್ನಾನಕ್ಕೆ ಹೋಗ್ಯಾಳೆ,” ಅನ್ನುತ್ತಿದ್ದ. ಬೆಳಿಗ್ಗೆ ಮಾಡಿದರೂ ಸ್ನಾನ, ಸಂಜೆ ಮಾಡಿದರೂ ಸ್ನಾನ. ನಲ್ಲಿಯಲ್ಲಿ ನೀರು ಬರುವ ದಿನ ಊರೆಲ್ಲ ಬಿಂದಿಗೆ ಹಿಡಿದು ನಿಲ್ಲುವ ಜಗಳೂರಿನಲ್ಲಿ ನನ್ನ ಅತ್ತೆಯೊಬ್ಬಳೇ ಇಷ್ಟು ಸ್ನಾನ ಮಾಡುತ್ತಿದ್ದಳು. ಅಪ್ಪ ಮಾತ್ರ ಪ್ರತಿ ಸಲವೂ, “ಆಮೇಲೆ ಮಾಡ್ತೀನಿ ಬಿಡ್ರಿ,” ಎಂದು ಫೋನ್ ಇಟ್ಟು, ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದ.

ಜಗಳಕ್ಕೆ ಕಾರಣ ಒಂದು ಜಂಪರ್ ಪೀಸು.

ನಮ್ಮ ಕಡೆ ಮನೆಗೆ ಬಂದ ಹೆಂಗಸರಿಗೆ ಕುಂಕುಮ ಹಚ್ಚಿ, ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆಯ ಜೊತೆ ರವಿಕೆಗಾಗುವಷ್ಟು ಬಟ್ಟೆಯ ಒಂದು ಜಂಪರ್ ಪೀಸಿಟ್ಟು ಉಡಿ ತುಂಬಿ ಕಳಿಸುತ್ತಾರೆ. ಈ ಪೀಸುಗಳನ್ನು ಯಾರೂ ಹೊಲಿಸುವುದಿಲ್ಲ. ಅವು ಹೊಲಿಸಲು ಇರುವವೂ ಅಲ್ಲ. ಇವತ್ತು ಬಂದದ್ದು ಬೀರುವಿನ ಕೆಳಗಿನ ಅರೆಗೆ ಹೋಗುತ್ತದೆ, ಮುಂದಿನ ವಾರ ಇನ್ನೊಬ್ಬರ ಉಡಿಗೆ ಬೀಳುತ್ತದೆ. ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಯಾವುದು ಯಾರ ಮನೆಯಿಂದ ಬಂತು ಎಂದು ನೆನಪಿಟ್ಟುಕೊಂಡು, ಅವರಿಗೇ ತಿರುಗಿ ಕೊಡದಿದ್ದರೆ ಸಾಕು. ಗೃಹಪ್ರವೇಶದ ಗಡಿಬಿಡಿಯಲ್ಲಿ ಅವ್ವ ಅದನ್ನೇ ಮಾಡಿದಳು. ಅತ್ತೆ ಕೊಟ್ಟಿದ್ದ ಬದನೆಕಾಯಿ ಬಣ್ಣದ ಪೀಸನ್ನು ಅತ್ತೆಯ ಉಡಿಗೇ ಹಾಕಿದಳು.

ಬೇರೆ ಯಾರಾದರೂ ಆಗಿದ್ದರೆ ಅನುಮಾನವಷ್ಟೇ ಪಡುತ್ತಿದ್ದರು. ಅತ್ತೆಯ ಹತ್ತಿರ ಪುರಾವೆ ಇತ್ತು. ತಾನು ಕೊಡುವ ಪ್ರತಿ ಪೀಸಿನ ಅಂಚಿಗೂ ಅವಳು ಬಾಲ್ ಪೆನ್ನಿನಲ್ಲಿ ಒಂದು ಚುಕ್ಕಿ ಇಡುತ್ತಿದ್ದಳಂತೆ, ಎಲ್ಲೆಲ್ಲಿ ತಿರುಗುತ್ತದೆ ನೋಡೋಣ ಎಂದು. ಅವತ್ತು ಪಂಕ್ತಿಯಲ್ಲಿ ಕೂರುವ ಮುಂಚೆ ಮೂಲೆ ತಿರುಗಿಸಿ ನೋಡಿದಳು, ಚುಕ್ಕಿ ಕಂಡಿತು, ಪೀಸನ್ನು ಹೊಸ ಮನೆಯ ಹೊಸ್ತಿಲ ಮೇಲಿಟ್ಟು ನಡೆದಳು. ಅಂದಿನಿಂದ ಅದು ನಮ್ಮ ಬೀರುವಿನ ತಳದಲ್ಲಿದೆ. ಇನ್ನೊಬ್ಬರಿಗೆ ಕೊಡುವ ಧೈರ್ಯ ಅವ್ವನಿಗೆ ಬರಲಿಲ್ಲ.

ಹಾಗಾಗಿ ಈ ಸಲ ಅತ್ತೆಗಾಗಿ ಅಂಗಡಿಯಿಂದ ಹೊಸ ಪೀಸನ್ನೇ ಕೊಂಡೆವು. ಆರಿಸಿದ್ದು ನಾನು. ಸಾಸಿವೆ ಬಣ್ಣ.

ಭಾನುವಾರ ನಸುಕಿನಲ್ಲೇ ನಮ್ಮ ಹಳೆಯ ವ್ಯಾನು ಹೊರಟಿತು. ಮೊದಲು ಹೊನ್ನಾಳಿ. ಅಲ್ಲಿ ಅವ್ವನ ಅಕ್ಕ, ನನ್ನ ದೊಡ್ಡಮ್ಮ, ಕಾರ್ಡಿನ ಅರಿಸಿನ ನೋಡಿದವಳೇ ನನ್ನ ಗಲ್ಲ ಹಿಡಿದಳು.

“ಹುಡುಗ ಏನ್ ಮಾಡ್ತಾನೆ?”

“ಹುಡುಗ ಇಲ್ಲ ದೊಡ್ಡಮ್ಮ, ಚಿತ್ರ ಪ್ರದರ್ಶನ.”

“ಆತು, ಅದು ಮುಗುದ್ ಮ್ಯಾಲೆ?”

“ಮುಗಿದ ಮೇಲೆ ಚಿತ್ರ ಇಳಿಸಿ ಮನೆಗೆ ತರೋದು.”

ದೊಡ್ಡಮ್ಮ ಅವ್ವನ ಕಡೆ ತಿರುಗಿ, “ನಾಚ್ಕೆಂತಾಳೆ,” ಅಂದಳು. ಹೊರಡುವಾಗ ಉಡಿ ತುಂಬಿದಳು. ವ್ಯಾನಿಗೆ ಬಂದು ನೋಡಿದರೆ ಅವಳು ಕೊಟ್ಟ ಪೀಸೂ ಸಾಸಿವೆ ಬಣ್ಣ. ಅವ್ವ ಅದನ್ನು ಅತ್ತೆಯ ಹೊಸ ಪೀಸಿದ್ದ ಚೀಲಕ್ಕೇ ಹಾಕಿದಳು.

ನ್ಯಾಮತಿಯ ಸೋದರಮಾವ ಕಾರ್ಡನ್ನು ಎರಡು ಸಲ ಓದಿ, ವರನ ಹೆಸರು ಬಿಟ್ಟುಹೋಗಿದೆ, ಪ್ರೆಸ್ಸಿನವರನ್ನು ಬಿಡಬೇಡಿ ಎಂದ. ಅವನ ಹೆಂಡತಿ, ನಮ್ಮ ಅತ್ತೆಮ್ಮ, ಊಟಕ್ಕೆ ಏನು ಎಂದು ಕೇಳಿದಳು. ಚಿತ್ರ ನೋಡಲು ಬಂದವರಿಗೆ ಊಟ ಹಾಕುವುದಿಲ್ಲ ಎಂದು ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಪ್ಪ, “ಉಪ್ಪಿಟ್ಟು, ಕೇಸರಿಬಾತು,” ಅಂದುಬಿಟ್ಟ. ಆ ಕ್ಷಣದವರೆಗೆ ಅದು ಅಪ್ಪನಿಗೂ ಗೊತ್ತಿರಲಿಲ್ಲ. ಅಲ್ಲಿಂದ ಒಂದು ಗಿಳಿಹಸಿರು ಪೀಸು ಬಂತು.

ಸುತ್ತಲಿನ ಇನ್ನೊಂದಷ್ಟು ಮನೆ ಮುಗಿಯುವಷ್ಟರಲ್ಲಿ ಚೀಲ ತುಂಬಿ, ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಪೀಸುಗಳ ಒಂದು ಸಣ್ಣ ಗುಡ್ಡೆಯಾಗಿತ್ತು. ದಾರಿಯಲ್ಲಿ ಹೊಳೆ, ಗುಡ್ಡ ಕಂಡಲ್ಲೆಲ್ಲ ಅಪ್ಪ ವ್ಯಾನು ನಿಧಾನ ಮಾಡಿ, “ನೋಡು, ಬರ್ಕ,” ಅನ್ನುತ್ತಿದ್ದ. ಹೊನ್ನಾಳಿ ಸೇತುವೆಯ ಮೇಲಂತೂ ತುಂಗಭದ್ರೆಯನ್ನು ನಾನು ಬರೆದುಕೊಳ್ಳಲೆಂದು ನಿಲ್ಲಿಸಿಯೇಬಿಟ್ಟಿದ್ದ. ಹಿಂದಿನ ಲಾರಿಯವನ ಹಾರ್ನ್ ಕೇಳಿ ಹೊರಟ. ನಾನು ಬರೆದುಕೊಂಡದ್ದು ಗುಡ್ಡೆಯನ್ನು. ಮಡಿಕೆಗಳ ಅಂಚು ಮಾತ್ರ, ಒಂದರ ಮೇಲೊಂದು. ಜಂಪರ್ ಪೀಸಿನ ಬಣ್ಣಗಳು ಯಾವ ಹೂವಿನಲ್ಲೂ, ಯಾವ ಹಕ್ಕಿಯಲ್ಲೂ ಇರುವುದಿಲ್ಲ. ಅಂಥವು ಪಕ್ಕಪಕ್ಕ ಕೂತು ಒಂದನ್ನೊಂದು ಸಹಿಸಿಕೊಂಡಿದ್ದವು, ನೆಂಟರ ಹಾಗೆ.

ಮುಂದಿನ ಭಾನುವಾರ ಜಗಳೂರು. ಸಂತೇಬೆನ್ನೂರಿನವರೆಗೆ ಅಪ್ಪ ಮಾತಾಡಿದ. ದಾವಣಗೆರೆ ದಾಟಿದ ಮೇಲೆ ಗುಡ್ಡ ಬಂದರೂ ಬರ್ಕ ಅನ್ನಲಿಲ್ಲ. ಊರು ಹೊಕ್ಕು ಅತ್ತೆಯ ಓಣಿಯಲ್ಲಿ ವ್ಯಾನು ನಿಲ್ಲಿಸಿದಾಗ ಅವ್ವ ಚೀಲಕ್ಕೆ ಕೈಹಾಕಿ, ಎರಡು ಸಾಸಿವೆ ಬಣ್ಣದ ಪೀಸು ಹೊರತೆಗೆದು ಹಾಗೆಯೇ ಕೂತಳು.

“ಯಾವುದು ಹೊಸದು?”

ಹೊನ್ನಾಳಿಯ ಪೀಸು ಎಷ್ಟು ಮನೆ ತಿರುಗಿ ಬಂದಿತ್ತೋ. ಅದರ ಮೂಲೆಯಲ್ಲಿ ಯಾರ ಗುರುತಿದೆಯೋ. ಅಪ್ಪ ಹಿಂತಿರುಗಿ ನನ್ನನ್ನು ನೋಡಿದ.

“ನೋಡವ್ವ. ಐದು ವರ್ಷ ಓದ್ಸಿದ್ದು ಇದಕ್ಕೇ ಅನ್ಕ.”

ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದೆ. ಒಂದರ ಹಳದಿ ತುಸು ಹಸಿರಿನ ಕಡೆ ವಾಲಿತ್ತು, ಇನ್ನೊಂದರದ್ದು ಕೆಂಪಿನ ಕಡೆ. ನಾನು ಅಂಗಡಿಯಲ್ಲಿ ಆರಿಸಿದ್ದು ಹಸಿರಿನ ಕಡೆಯದು. ಕೊಟ್ಟೆ. ನನ್ನ ಓದಿನಿಂದ ಮನೆಗೆ ಆದ ಮೊದಲ ಉಪಯೋಗ ಇದು.

ಬಾಗಿಲು ತೆರೆದದ್ದು ಅತ್ತೆಯೇ. ಅಕ್ಕ ತಮ್ಮ ಇಬ್ಬರೂ ಹೊಸ್ತಿಲ ಆಚೆ ಈಚೆ ನಿಂತರು. ಅಪ್ಪನ ಬಾಯಿಗೆ ಬಂದದ್ದು ಒಂದೇ ಮಾತು.

“ಸ್ನಾನ ಆತೇನಕ್ಕ?”

“ಈಗಾತು,” ಅಂದಳು ಅತ್ತೆ. “ಬರ್ರಿ ಒಳಗೆ.”

ಕಾರ್ಡನ್ನು ದೂರ ಹಿಡಿದು ಓದಿದಳು. “ಚಿತ್ರಕ್ಕೆ ಗಣಪ್ತಿ ಯಾಕೆ?”

“ಪ್ರೆಸ್ಸಿನವರು ಹಾಕಿದ್ರು,” ಅಂದೆ.

“ಇರ್ಲಿ. ಅವನೇನ್ ಮಾಡ್ತಾನೆ.”

ಅವ್ವ ಕುಂಕುಮ ಹಚ್ಚಿ ಪೀಸು ಕೊಟ್ಟಳು. ಅತ್ತೆ ಅದನ್ನು ನಮ್ಮ ಎದುರಿಗೇ ಪೂರ್ತಿ ಬಿಚ್ಚಿ, ಕಿಟಕಿಗೆ ಹಿಡಿದು, ನಾಲ್ಕೂ ಮೂಲೆ ನೋಡಿದಳು. ಮಡಿಕೆಯ ಗೆರೆಯ ಮೇಲೆ ಉಗುರು ಆಡಿಸಿದಳು. ಅಡಿಕೆ ವ್ಯಾಪಾರದಲ್ಲಿ ತಲೆ ಹಣ್ಣಾದ ಅಪ್ಪನೂ ಯಾವ ಮಾಲನ್ನೂ ಇಷ್ಟು ನಿಧಾನವಾಗಿ ನೋಡಿದ್ದು ನಾನು ಕಾಣೆ.

“ಹೊಸದು,” ಅಂದಳು.

ಅವ್ವ ಉಸಿರುಬಿಟ್ಟಳು. “ಬರ್ಬೇಕ್ರಿ ಅಕ್ಕ.”

“ನೋಡಾಣ. ಮೆಕ್ಕೆಜೋಳ ಒಣಗಾಕೀವಿ.”

ನಮ್ಮ ಕಡೆ ನೋಡಾಣ ಅಂದರೆ ಇಲ್ಲ ಎಂದರ್ಥ. ಅಪ್ಪ ಚಹಾದ ಲೋಟ ಕೆಳಗಿಟ್ಟ. ಹೊರಡುವಾಗ ಅತ್ತೆಯೂ ಅವ್ವನ ಉಡಿಗೆ ಒಂದು ಗುಲಾಬಿ ಪೀಸು ಹಾಕಿದಳು. ಓಣಿಯ ತಿರುವು ದಾಟುತ್ತಲೇ ಅವ್ವ ಅದರ ಮೂಲೆ ತಿರುಗಿಸಿದಳು.

“ಚುಕ್ಕಿ ಇಟ್ಟಾಳೆ ನೋಡ್ರಿ. ಇನ್ನಾ ಬಿಟ್ಟಿಲ್ಲ.”

“ಇಟ್ಟಾಳಾ?” ಅಪ್ಪನ ದನಿ ಸ್ವಲ್ಪ ಮೇಲೆ ಬಂತು. “ಸಂಬಂಧ ಬ್ಯಾಡ ಅನ್ನೋರು ಯಾರಾದ್ರೂ ಚುಕ್ಕಿ ಇಡ್ತಾರೇನೆ?” ಸೊಕ್ಕೆ ಊರಿನ ಕಡೆ ಹೋಗುವ ಬಸ್ಸೊಂದು ಎದುರು ಬಂದರೂ ಅಪ್ಪ ಹಾರ್ನ್ ಹೊಡೆಯದೆ ದಾರಿ ಬಿಟ್ಟ.

ಪ್ರದರ್ಶನಕ್ಕೆ ಇನ್ನೂ ಎರಡು ವಾರವಿತ್ತು. ಮಾಳಿಗೆಯ ಮೇಲೆ ಹೊಸ ಚಿತ್ರ ಶುರುಮಾಡಿದೆ: ಅವ್ವನ ಬೀರುವಿನ ಕೆಳಗಿನ ಅರೆ. ಸಾಸಿವೆ, ಗಿಳಿಹಸಿರು, ಗುಲಾಬಿ, ಮತ್ತೆ ಎಷ್ಟೋ ಮನೆಗಳ ಎಷ್ಟೋ ಅಂಚುಗಳು. ತಳದಲ್ಲಿ ಬದನೆಕಾಯಿ ಬಣ್ಣ. ಅವ್ವ ಮೇಲೆ ಬಂದವಳು ನೋಡಿ ಗಾಬರಿಯಾದಳು.

“ಅದೊಂದು ತೆಗಿ. ಬ್ಯಾರೆ ಯಾವ್ದಾರ ಬಣ್ಣ ಹಾಕು.”

ಅವಳ ಸಮಾಧಾನಕ್ಕೆ ಹಸಿರು ಹಚ್ಚಿ ನೋಡಿದೆ. ಮೇಲಿನ ಬಣ್ಣಗಳೆಲ್ಲ ತೇಲತೊಡಗಿದವು, ಬುಡವಿಲ್ಲದ ಗೋಡೆಯ ಹಾಗೆ. ಮರುದಿನ ಹಸಿರನ್ನು ಕೆರೆದು, ಆ ಪೀಸನ್ನೇ ತಂದು ಪಕ್ಕದಲ್ಲಿಟ್ಟುಕೊಂಡೆ. ದೂರಕ್ಕೆ ನೇರಳೆ, ಹತ್ತಿರಕ್ಕೆ ಬಂದರೆ ನೂಲಿನ ಸಂದಿನಲ್ಲಿ ಕೆಂಪು. ಆ ಬಣ್ಣ ಬರಲು ಒಂದಿಡೀ ಮಧ್ಯಾಹ್ನ ಹಿಡಿಯಿತು. ಅಂಚಿನಲ್ಲಿ ನೀಲಿ ಚುಕ್ಕಿಯಿತ್ತು. ಅದನ್ನೂ ಇಟ್ಟೆ. ಇದ್ದದ್ದನ್ನು ಬಿಟ್ಟು ಬರೆಯುವುದು ನನಗೆ ಬರುವುದಿಲ್ಲ. ಕನ್ನಡಕವಿಲ್ಲದ ಅವ್ವನಿಗೆ ಚುಕ್ಕಿ ಕಾಣಲಿಲ್ಲ, ನಾನು ತೋರಿಸಲಿಲ್ಲ.

ಶನಿವಾರ ಬೆಳಿಗ್ಗೆ ನೆಂಟರು ರೇಷ್ಮೆ ಸೀರೆಯಲ್ಲಿ ಬಂದಿಳಿದರು. ಬಂದವರು ಮೊದಲು ಉಪ್ಪಿಟ್ಟು ತಿಂದರು, ಆಮೇಲೆ ಗೋಡೆಗೆ ಬೆನ್ನು ಹಾಕಿ ಸಾಲಾಗಿ ಕುರ್ಚಿಯಲ್ಲಿ ಕೂತರು, ಏನೋ ಶುರುವಾಗುತ್ತದೆ ಎಂದು. ದೊಡ್ಡಮ್ಮನ ಮುಷ್ಟಿಯಲ್ಲಿ ಅಕ್ಷತೆಯೂ ಇತ್ತು. ಎಲ್ಲಿಗೆ ಹಾಕಬೇಕು ಎಂದು ತಿಳಿಯದೆ ಅದನ್ನು ಹಿಡಿದುಕೊಂಡೇ ಹಾಲನ್ನು ಒಂದು ಸುತ್ತು ಹಾಕಿದಳು. ಪೀಸುಗಳ ಚಿತ್ರದ ಮುಂದೆ ನಿಂತಳು.

“ಇದು ನಾನು ಕೊಟ್ಟಿದ್ದಲ್ಲೇನೆ? ಸಾಸ್ವಿದು?”

ಆ ಮಾತಿಗೆ ಕುರ್ಚಿಗಳೆಲ್ಲ ಖಾಲಿಯಾದವು. ನ್ಯಾಮತಿಯ ಅತ್ತೆಮ್ಮ ತನ್ನ ಗಿಳಿಹಸಿರನ್ನು ಹುಡುಕಿಕೊಂಡಳು. “ನಮ್ದು ಎಲ್ಲೈತೆ?” ಎಂದು ಹಿಂದಿನಿಂದ ಯಾರೋ ಇಣುಕಿದರು. ಬೇರೆ ಚಿತ್ರಗಳ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಅಪ್ಪ ಮಾತ್ರ ಯಾವ ಚಿತ್ರವನ್ನೂ ನೋಡದೆ ಮೆಟ್ಟಿಲ ಹತ್ತಿರವೇ ಇದ್ದ. ದಾವಣಗೆರೆ ಬಸ್ಸಿನ ಸದ್ದಾದಾಗಲೆಲ್ಲ ಕೆಳಗೆ ಬಗ್ಗುತ್ತಿದ್ದ. ಸಂಜೆಯವರೆಗೆ ಬಗ್ಗಿದ. ಅತ್ತೆ ಬರಲಿಲ್ಲ.

ಭಾನುವಾರ ಮಧ್ಯಾಹ್ನ, ಕೇಸರಿಬಾತಿನ ಪಾತ್ರೆ ತಳ ಕಂಡಾಗ, ಬಂದಳು. ಸಾಸಿವೆ ಬಣ್ಣದ ಹೊಸ ಜಂಪರ್ ತೊಟ್ಟಿದ್ದಳು. ನಾವು ಕೊಟ್ಟದ್ದನ್ನು ಹೊಲಿಸಿಕೊಂಡಿದ್ದಳು. ನಮ್ಮ ವಂಶದಲ್ಲಿ ಹಾಗೆ ಮಾಡಿದವರನ್ನು ನಾನು ಕಂಡಿರಲಿಲ್ಲ. ಅಪ್ಪ ಅವಳ ಕೈಚೀಲ ಇಸಿದುಕೊಂಡು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಗೆ ಹಿಡಿದುಕೊಂಡು ಹಿಂದೆಯೇ ನಡೆದ.

ಅತ್ತೆ ಒಂದು ತುದಿಯಿಂದ ಪ್ರತಿ ಚಿತ್ರವನ್ನೂ ನೋಡುತ್ತಾ ಬಂದಳು. ಪೀಸುಗಳ ಚಿತ್ರದ ಮುಂದೆ ನಿಂತಳು. ಬಗ್ಗಿದಳು. ಬಗ್ಗಿಯೇ ಇದ್ದಳು. ಅವ್ವನ ಮುಖ ನೋಡಲಾರದೆ ನಾನು ಉಪ್ಪಿಟ್ಟಿನ ತಟ್ಟೆಗಳನ್ನು ನೋಡಿದೆ.

“ಈ ಚುಕ್ಕಿ ಯಾರು ಇಟ್ಟಿದ್ದು?”

“ನಾನೇ ಅತ್ತೆ. ಅಲ್ಲಿತ್ತು, ಇಟ್ಟೆ.”

“ಅದು ಇನ್ನಾ ಐತಾ?”

“ಐತ್ರಿ,” ಅಂದಳು ಅವ್ವ, ಬಹಳ ಸಣ್ಣ ದನಿಯಲ್ಲಿ. “ಯಾರಿಗೂ ಕೊಟ್ಟಿಲ್ರಿ.”

“ಹೊಲಿಸ್ಕಬೋದಿತ್ತಲ್ಲ.”

“ನಿಮ್ಮನ್ನ ಕೇಳ್ದೆ ಹೆಂಗ್ರಿ ಹೊಲಿಸ್ಕಳ್ಳಿ?”

ಅತ್ತೆ ನೆಟ್ಟಗೆ ನಿಂತಳು. ಅವ್ವನನ್ನು ನೋಡಿದಳು, ಚೀಲ ಅಪ್ಪಿಕೊಂಡ ತಮ್ಮನನ್ನು ನೋಡಿದಳು. “ಹಸಿವಾಗೈತೆ,” ಅಂದಳು. “ಏನ್ ಮಾಡ್ಸೀರಿ?”

ಉಪ್ಪಿಟ್ಟು ಆರಿಹೋಗಿತ್ತು. ಅತ್ತೆ ಎರಡು ಸಲ ಹಾಕಿಸಿಕೊಂಡಳು. ಗೃಹಪ್ರವೇಶದ ದಿನದ ಊಟವನ್ನೂ ಸೇರಿಸಿ ಎಂಬಂತೆ ಅಪ್ಪ ಎದುರು ಕೂತು ಪಾತ್ರೆ ಕೆರೆದು ಬಡಿಸಿದ.

ಹೊರಡುವ ಹೊತ್ತಿಗೆ ಅವ್ವ ಕುಂಕುಮದ ಬಟ್ಟಲು ತೆಗೆದು, ಚೀಲಕ್ಕೆ ಕೈಹಾಕಿ, ಅಲ್ಲೇ ನಿಂತುಬಿಟ್ಟಳು. ಅಲ್ಲಿದ್ದವೆಲ್ಲ ಮನೆ ಮನೆ ತಿರುಗಿ ಬಂದ ಪೀಸುಗಳು. ಒಂದಂತೂ ಅತ್ತೆಯದೇ ಗುಲಾಬಿ. ಅತ್ತೆ ಅವಳ ಕೈ ನೋಡಿದಳು.

“ಬ್ಯಾಡ ಬಿಡವ್ವ. ನಂಗೆ ಆ ಪಟ ಕೊಡು. ಅದನ್ನ ಯಾರ ಉಡಿಗೂ ದಾಟ್ಸಾಕೆ ಬರಂಗಿಲ್ಲ.”

ನಾನು ಚಿತ್ರ ಇಳಿಸಿದೆ. ಅದರ ಹಿಂಬದಿಗೆ ನನ್ನ ಸಹಿ ಹಾಕಿರಲಿಲ್ಲ. ಅತ್ತೆಯ ಪೆನ್ನು ಕೇಳಿದೆ. ಅವಳು ಕೊಡಲಿಲ್ಲ. ಚಿತ್ರವನ್ನು ಮಗುಚಿ ಮಂಡಿಯ ಮೇಲಿಟ್ಟುಕೊಂಡು, ಮೂಲೆಯಲ್ಲಿ ತಾನೇ ಒಂದು ಚುಕ್ಕಿ ಇಟ್ಟಳು.

“ಈಗ ಯಾರ್ದು ಅಂತ ಗೊತ್ತಾಗ್ತೈತೆ,” ಅಂದಳು.

ಎರಡು ದಿನದ ಮೇಲೆ ನನ್ನ ಫೋನಿಗೆ ಅತ್ತೆಯ ಕರೆ ಬಂತು. “ಬಾಗ್ಲ ಎದ್ರಿಗೇ ಹಾಕ್ಸೀನಿ. ಮಧ್ಯಾನ ಬಿಸ್ಲು ಬೀಳ್ತೈತೆ. ಬಣ್ಣ ಹೋಗ್ತೈತೇನು?”

“ಹೋಗುತ್ತೆ ಅತ್ತೆ. ನಿಧಾನಕ್ಕೆ. ಜಾಗ ಬದಲಿಸಿದರೆ ಒಳ್ಳೇದು.”

“ಜಾಗ ನಂಗೆ ಗೊತ್ತಾಗಲ್ಲ. ನೀನೇ ಬಂದು ತೋರ್ಸು. ಅಪ್ಪನ್ನೂ ಕರ್ಕಂಡ್ ಬಾ.”

ಫೋನ್ ಇಟ್ಟು ವಿಷಯ ಹೇಳಲು ತಿರುಗಿದೆ. ಫೋನಿನಾಗೆ ಕರೆದ್ರೆ ಯಾರು ಬರ್ತಾರೆ ಅಂದಿದ್ದ ಅಪ್ಪ ಆಗಲೇ ವ್ಯಾನಿನ ಕೀ ಹುಡುಕುತ್ತಿದ್ದ.