ಅಬೇದಾ ಇಟ್ಟುಕೊಂಡ ಹೆಸರು

ಇಳಕಲ್ಲಿನ ಅಬೇದಾ, ಗಂಡನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಲೇ ಹಾಡು ಕಟ್ಟುವವಳು. ಮಗ್ಗದ ಸದ್ದಿನಲ್ಲಿ ಅವಳ ಗುನುಗು ಯಾರಿಗೂ ಕೇಳಿಸುತ್ತಿರಲಿಲ್ಲ. ತವರುಮನೆ ಹಳೇ ಬಾಗಲಕೋಟೆಯ ಓಣಿಯೊಂದರಲ್ಲಿತ್ತು; ಅಣೆಕಟ್ಟಿನ ಹಿನ್ನೀರು ಆ ಓಣಿಯನ್ನೇ ನುಂಗಿದ ಮೇಲೆ ಅವಳ ತಂದೆ, ಉರ್ದು ಶಾಲೆಯ ಜಲಾಲುದ್ದೀನ ಮಾಸ್ತರರು, ಕೆರೂರಿಗೆ ಬಂದು ನೆಲೆಸಿದ್ದರು. ಆ ಓಣಿಯ ಮೇಲೆ ಕಟ್ಟಿದ ಹಾಡನ್ನು ಅಬೇದಾ ಒಮ್ಮೆ ಹಾಡಿ ತೋರಿಸಿದಾಗ ಪಕ್ಕದ ಮನೆಯ ಗೆಳತಿ ಮಹೇಶ್ವರಿ, ಅದನ್ನು ಬರೆದು ಫೇಸ್‌ಬುಕ್ಕಿಗೆ ಹಾಕುತ್ತೇನೆಂದು ಹಟ ಹಿಡಿದಳು.

"ಹಾಕು. ನನ್ನ ಹೆಸರು ಮಾತ್ರ ಬ್ಯಾಡ," ಎಂದಳು ಅಬೇದಾ. ಗಂಡನ ಅಣ್ಣ ಶಕೀಲ, ನೆರೆಯ ಹುಡುಗಿಯೊಬ್ಬಳು ವಿಡಿಯೋದಲ್ಲಿ ಕಂಡಳೆಂದು ಅವಳ ಮನೆ ಮುಂದೆ ನಿಂತು ಒದರಾಡಿ ಬಂದವನು. ಅಬೇದಾ ಯೋಚಿಸಿ ಹಾಡಿನ ಕೆಳಗೆ ‘ಗುಮನಾಮ’ ಎಂದು ಬರೆಸಿದಳು. ಹೆಸರು ಮುಚ್ಚಿಟ್ಟವರು ಎಂದು ಅದರ ಅರ್ಥವೆಂದುಕೊಂಡಿದ್ದಳು.

ಹಾಡು ಊರೂರು ತಿರುಗಿತು. ಒಂದು ಮಧ್ಯಾಹ್ನ ಊಟಕ್ಕೆ ಕೂತ ಗಂಡ ಯಾಸೀನ ಮೊಬೈಲು ತೋರಿಸಿದ. ಹುನಗುಂದದ ಸಮಾರಂಭವೊಂದರಲ್ಲಿ ಗಾಯಕಿಯೊಬ್ಬಳು, "ಗುಮನಾಮ ಅಂದ್ರ ನಾನ ರೀ, ಇಷ್ಟ ದಿನ ಹೇಳಿದ್ದಿಲ್ಲ," ಎಂದು ಅದೇ ಹಾಡೆತ್ತಿದಳು. ಶಾಲು ಹೊದಿಸಿದರು.

"ಎಷ್ಟ ಚೊಲೋ ಕಟ್ಯಾಳ ನೋಡು," ಎಂದ ಯಾಸೀನ. "ನಿಮ್ಮ ಓಣಿನ ಕಣ್ಮುಂದ ಬಂದಂಗಾತು."

ಪಕ್ಕದಲ್ಲಿ ಶಕೀಲ ರೊಟ್ಟಿ ಮುರಿಯುತ್ತಿದ್ದ. ಅಬೇದಾ ಬಾಯಿ ತೆರೆದಳು. "ಪಲ್ಯ ಹಾಕ್ಲೇನ್ರಿ?" ಎಂದಷ್ಟೇ ಬಂತು.

ಸಂಜೆ ತಂದೆಗೆ ಫೋನು ಮಾಡಿದಳು. "ಅಬ್ಬಾಜಾನ, ಗುಮನಾಮ ಅಂದ್ರ ಖರೆ ಏನ್ರಿ?"

"ಫಾರ್ಸಿ ಮಾತು ಬೇಟಾ. ಗುಮ್ ಅಂದ್ರ ಕಳದದ್ದು, ನಾಮ ಅಂದ್ರ ಹೆಸರು. ಹೆಸರು ಕಳದು ಹೋದಾವ್ರು."

"ಮುಚ್ಚಿಟ್ಟಾವ್ರು ಅಲ್ಲೇನ್ರಿ?"

"ಹಂಗೂ ಅಂತಾರ. ಮೂಲದಾಗ ಕಳದದ್ದ. ಯಾಕ ಕೇಳಿದಿ?"

"ಏನಿಲ್ರಿ," ಎಂದು ಫೋನಿಟ್ಟಳು.

ಗಾಯಕಿಯ ವಿಡಿಯೋ ನೋಡಿ ಮಹೇಶ್ವರಿಗೆ ಮೈಯೆಲ್ಲ ಉರಿದಿತ್ತು. "ಹಾಡು ನಿಂದಂತ ನಾ ಬರೀತೇನಿ." ಅಬೇದಾ ಅವಳ ಕೈ ಹಿಡಿದುಕೊಂಡಳು. "ಬ್ಯಾಡವಾ. ಆಕಿ ಸುಳ್ಳು ಅಂದ್ರ, ಖರೆ ಯಾರಂತ ಕೇಳ್ತಾರ. ಆಮ್ಯಾಲ ನಾ ಎಲ್ಲಿ ಹೋಗ್ಲಿ?"

ಮುಂದೆ ಬೀಗರ ಮದುವೆಯಲ್ಲಿ ಆಫ್ರೀನ ಎಂಬ ಹುಡುಗಿ ಆ ಹಾಡು ಹಾಡಿದಳು. ಹೆಂಗಸರೆಲ್ಲ ದನಿಗೂಡಿಸಿದರು. ಅಬೇದಾ ‘ತವರ ಓಣಿ’ ಎಂದು ಕಟ್ಟಿದ್ದು ಹುನಗುಂದದ ಗಾಯಕಿಯ ಬಾಯಲ್ಲಿ ‘ತವರ ದೋಣಿ’ಯಾಗಿ, ಎಲ್ಲರೂ ಹಾಗೇ ಕಲಿತಿದ್ದರು. ಅಬೇದಾ ಒಬ್ಬಳೇ ಓಣಿ ಎಂದದ್ದು ಆಫ್ರೀನಳ ಕಿವಿಗೆ ಬಿತ್ತು.

"ದೋಣಿ ರೀ ಚಾಚಿ," ಎಂದು ತೋಳು ಮುಟ್ಟಿ ಮೆತ್ತಗೆ ತಿದ್ದಿದಳು.

"ಹೌದೇನವ್ವ," ಎಂದಳು ಅಬೇದಾ. ಉಳಿದ ಹಾಡನ್ನು ದೋಣಿ ಎಂದೇ ಹಾಡಿದಳು.