ಸೊಸೈಟಿಯ ಕಂಪ್ಯೂಟರಿಗೆ ಎರಡು ಕಾವಲು

ಕಾರವಾರದಿಂದ ಅಂಕೋಲೆಯವರೆಗೆ ಯಾವ ಕಚೇರಿಯ ಕಂಪ್ಯೂಟರ್ ಕೆಟ್ಟರೂ ಮಧುಕರನಿಗೇ ಫೋನ್ ಬರುತ್ತಿದ್ದ ಕಾಲವೊಂದಿತ್ತು. ಹೋದಲ್ಲೆಲ್ಲ ತನ್ನ ಸಿ.ಡಿ.ಯಿಂದ ಆಂಟಿವೈರಸ್ ಹಾಕುವುದು, ಡಬ್ಬಿಯ ಮೇಲೆ ತನ್ನ ಅಂಗಡಿಯ ನಂಬರಿನ ಚೀಟಿ ಅಂಟಿಸುವುದು, ಕೊಟ್ಟ ಚಹಾ ಕುಡಿದು ಬರುವುದು. ಅದೇ ಅವನ ದೊಡ್ಡಸ್ತಿಕೆ.

2009ರಲ್ಲಿ ಅವರ್ಸಾದ ಮೀನುಗಾರರ ಸೊಸೈಟಿಗೆ ಹೊಸ ಕಂಪ್ಯೂಟರ್ ಬಂತು. ಕೂಡಿಸಿಕೊಟ್ಟವನು ಡಿಪ್ಲೊಮಾ ಮುಗಿಸಿ ಅಂಕೋಲೆಯಲ್ಲಿ ಅಂಗಡಿ ತೆರೆದ ರೂಪೇಶ. ಮಧುಕರನಿಗೆ ಉಳಿದದ್ದು ಪ್ರಿಂಟರಿಗೆ ಶಾಯಿ ತುಂಬುವ ಕೆಲಸ.

"ಇದ್ರಲ್ಲೇ ವೈರಸ್ಸಿಗೆ ಕಾವಲು ಉಂಟಂತೆ ಮಧುಕರಣ್ಣಾ, ನಿಮ್ಮ ಸಿ.ಡಿ. ಬೇಡಂತೆ. ರೂಪೇಶ ಭಾರೀ ಹುಷಾರಿ" ಎಂದಳು ಕಚೇರಿ ನೋಡಿಕೊಳ್ಳುವ ವಿನುತಾ.

ಮಧುಕರನ ಮೈಯೆಲ್ಲ ಉರಿಯಿತು. ಪುಕ್ಕಟೆ ಬಂದ ಕಾವಲು ಏನು ಕಾದೀತು, ಬರೀ ತೋರಿಕೆಯದು! ವಿನುತಾ ಚಹಾ ತರಲು ಹೋದದ್ದೇ ತಡ, ಸಿ.ಡಿ. ತುರುಕಿ ತನ್ನದನ್ನೂ ಹಾಕಿಬಿಟ್ಟ.

ಮೂರನೆಯ ದಿನ ಅವಳದೇ ಫೋನು. "ರೂಪೇಶನ ಕಂಪ್ಯೂಟರ್ ಏಳೂದೇ ಇಲ್ಲ. ಸಂಜೆಯೊಳಗೆ ಹೆಸರಿನ ಪಟ್ಟಿ ಕಾರವಾರಕ್ಕೆ ಮುಟ್ಟದಿದ್ರೆ ನಮ್ಮ ದೋಣಿಯವ್ರಿಗೆ ಗುರುತಿನ ಚೀಟಿ ಸಿಗೂದಿಲ್ಲ. ಬೇಗ ಬನ್ನಿ ಮಾರಾಯ್ರೆ!"

ಈ ಮಾತಿಗಾಗಿಯೇ ಅವನು ಕಾದಿದ್ದ. ಸಿಕ್ಕಿದ ಬಸ್ಸು ಹತ್ತಿದ. ಆದರೆ ಎಷ್ಟು ಒದ್ದಾಡಿದರೂ ಪರದೆ ಅಲುಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಾನ ಬಿಟ್ಟು ಅಂಗಳಕ್ಕೆ ಬಂದು ರೂಪೇಶನಿಗೇ ಫೋನ್ ಮಾಡಿದ.

"ಸಿ.ಡಿ. ಹಾಕಿದ್ರಾ ಮಧುಕರಣ್ಣಾ? ಎರಡು ಕಾವಲೂ ಒಂದನ್ನೊಂದು ಕಳ್ಳ ಅಂತ ಹಿಡೀತಾ ಉಂಟು, ಅಷ್ಟೇ. ಮೊದಲಿನದನ್ನ ಬಂದ್ ಮಾಡಿ, ನಿಮ್ಮದೇ ಇರ್ಲಿ." ಹೇಗೆಂದು ಒಂದೊಂದಾಗಿ ಹೇಳಿಕೊಟ್ಟು ರೂಪೇಶ ಮೆಲ್ಲಗೆ ಸೇರಿಸಿದ, "ವಿನುತಕ್ಕನ ಹತ್ರ ತಪ್ಪು ನಂದೇ ಅಂತ ಹೇಳ್ತೆ, ನೀವು ಚಿಂತಿ ಮಾಡ್ಬೇಡಿ."

ಕಂಪ್ಯೂಟರ್ ಎದ್ದು ಕೂತಿತು. ಪಟ್ಟಿ ಪ್ರಿಂಟಾಗಿ ನಾಲ್ಕರ ಬಸ್ಸಿಗೆ ಹೋಯಿತು.

"ಕಡೆಗೂ ನೀವೇ ಬೇಕಾಯ್ತು. ಇನ್ನು ಅವನನ್ನ ಕರೆಯೂದೇ ಇಲ್ಲ" ಎಂದಳು ವಿನುತಾ.

ಮಧುಕರ ಬಯಸಿದ್ದೆಲ್ಲ ಕೈಗೆ ಬಂದಿತ್ತು. ಆದರೂ ಹೊಟ್ಟೆಯ ಉರಿ ಆರಲಿಲ್ಲ, ಇನ್ನಷ್ಟು ಹೆಚ್ಚಿತು. ಜಾಣತನದಲ್ಲಿ ರೂಪೇಶ ಮುಂದೆ ಹೋದದ್ದು ಸಾಲದೇ, ಒಳ್ಳೆಯತನದಲ್ಲೂ ಮುಂದೆ ಹೋಗಬೇಕೇ? ಅದೊಂದನ್ನು ಮಾತ್ರ ಬಿಟ್ಟುಕೊಡಲು ಅವನ ಮನಸ್ಸು ಒಪ್ಪಲಿಲ್ಲ.

"ವಿನುತಾ, ಅವನನ್ನೇ ಕರಿ. ಕೆಡಿಸಿದ್ದು ನಾನು" ಎಂದು ಸಿಟ್ಟಿನಲ್ಲೇ ಹೇಳಿದ.