ಗಾಡಿ ಹೋದ ಮೇಲೆ ಊದುತ್ತಿದ್ದ ಧಾಟಿ

ಮಾರ್ಚ್ ೯, ಭಾನುವಾರ, ಬೆಳಿಗ್ಗೆ ಏಳೂ ಹತ್ತಕ್ಕೆ ಬಸವಕಲ್ಯಾಣದ ನಮ್ಮ ಮನೆಯಲ್ಲಿ ಇದನ್ನು ಬರೆಯಲು ಕುಳಿತೆ.

ಮೊದಲೇ ಹೇಳಿಬಿಡುತ್ತೇನೆ, ಕ್ಲಾರಿನೆಟ್ ಎಂದರೆ ನನಗೆ ಆಗುವುದಿಲ್ಲ. ಮೂಗಿನಿಂದ ಅತ್ತಂತೆ ಕೇಳುವ ಆ ಸ್ವರ ಮದುವೆಯ ದಿನಗಳಲ್ಲಿ ಸಂಜೆಯವರೆಗೂ ಕಿವಿ ಬಿಡುವುದಿಲ್ಲ. ನಾನು ಕೇಳುವುದು ಸಣ್ಣ ದನಿಯ ಹಾಡುಗಳನ್ನು, ಅದೂ ಬಸ್ಸಿನಲ್ಲಿ. ಆದರೂ ನಮ್ಮ ಕಡೆ ಯಾರ ಸಂಗೀತ ಮನೆಮನೆ ಹೊಕ್ಕಿದೆ ಎಂದು ಯಾರಾದರೂ ಕೇಳಿದರೆ ಹುಮನಾಬಾದಿನ ಬ್ಯಾಂಡ್ ಮಾಸ್ತರರೊಬ್ಬರನ್ನೇ ತೋರಿಸುತ್ತೇನೆ. ಹೆಣ್ಣೊಪ್ಪಿಸುವ ಹೊತ್ತಿಗೆ ಬ್ಯಾಂಡಿನವರು ನುಡಿಸುವ ಧಾಟಿ ಅವರು ಕಟ್ಟಿದ್ದು. ಮಂಠಾಳದಿಂದ ಮನ್ನಾಏಖೇಳ್ಳಿಯವರೆಗೆ ಎಲ್ಲ ಬ್ಯಾಂಡುಗಳೂ ಅದನ್ನೇ ಊದುತ್ತವೆ. ಕೇಳುವವರು ಅದು ಅಜ್ಜನ ಕಾಲದ್ದು ಎಂದುಕೊಂಡಿದ್ದಾರೆ.

ಲಕ್ವಾ ಹೊಡೆದವರ ಮನೆಗೆ ಹೋಗಿ ಕೈಕಾಲಿನ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ದೀಪಾವಳಿ ಕಳೆದ ವಾರ ಮಾಸ್ತರರ ಮನೆ ನನ್ನ ಪಾಲಿಗೆ ಬಂತು. ಬಲಗೈ, ಬಲಗಾಲು ಹೋಗಿದ್ದವು. ಮಾತೂ ಹೋಗಿತ್ತು. ಏನು ಹೇಳಹೊರಟರೂ ಒಂದೇ ಸ್ವರ ಹೊರಡುತ್ತಿತ್ತು. ಮೂರು ತಿಂಗಳು ವಾರಕ್ಕೆ ಮೂರು ದಿನ ಹೋದೆ. ನನ್ನ ದಾಖಲೆ ಪುಸ್ತಕದಲ್ಲಿ ಬಲಗೈಯ ಮುಂದೆ ‘ಬದಲಾವಣೆ ಇಲ್ಲ’ ಎಂದಲ್ಲದೆ ಬೇರೇನೂ ಬರೆಯಲು ಆಗಲಿಲ್ಲ.

ಜನವರಿಯಲ್ಲಿ ಅವರ ಮಗಳು, ನಾನು ಆಪಾ ಎನ್ನುವವರು, ಚಹಾ ಕೊಡುತ್ತಾ ಹೇಳಿದರು: “ಫೆಬ್ರವರಿದಾಗ ನನ್ನ ಮಗಳ ಶಾದಿ ಅದ, ಬೇಟಾ. ಅಬ್ಬಾ ಕ್ಲಾರಿನೆಟ್ ತೋರಿಸಿ ಬಾಗಿಲ ತೋರಿಸ್ತಾರ, ಎರಡನೇ ಭಾಗ ಕೇಳಾಕತ್ತಾರ.”

“ಎರಡನೇ ಭಾಗ ಅಂದ್ರ?”

“ಎಲ್ಲಾರೂ ಊದೂದು ಮೊದಲಿಂದು. ಹುಡುಗಿ ಗಾಡಿ ಹತ್ತೂತನಾ ಅದು. ಗಾಡಿ ಹೋದ ಮ್ಯಾಲ ಅಬ್ಬಾ ಹೊಳ್ಳಿ ಮನಿ ಕಡೆ ಮುಖ ಮಾಡಿ ಇನ್ನೊಂದು ಊದ್ತಿದ್ರು. ಹೋದಾಕಿಗಿ ಅಲ್ಲ ಅದು, ಉಳಿದಾರಿಗಿ. ನನ್ನ ಶಾದ್ಯಾಗ ನಾ ಗಾಡ್ಯಾಗ ಇದ್ದೆ, ನನಗ ಹ್ಯಾಂಗ ಕೇಳಬೇಕು? ಈ ಸಲ ಉಳಿಯಾಕಿ ನಾನೇ.”

ಮಾಸ್ತರರು ಮಂಚದ ಮೇಲಿಂದ ಎಡಗೈ ಎತ್ತಿ ಹೌದೆಂದರು.

ಅಂದಿನಿಂದ ನಾನು ಹುಡುಕಿದೆ. ಮೊದಲು ಮನ್ನಾಏಖೇಳ್ಳಿಯಲ್ಲಿ ಸ್ವಂತ ಬ್ಯಾಂಡು ನಡೆಸುವ ಅವರ ಶಿಷ್ಯನ ಬಳಿ ಹೋದೆ. ಅವನು ಡ್ರಮ್ಮಿನ ಚರ್ಮ ಬಿಗಿಯುತ್ತಿದ್ದ.

“ಗಾಡಿ ಹೋದ ಮ್ಯಾಲ ಯಾರಿಗಿ ಊದೂದ್ರಿ, ಖಾಲಿ ಕುರ್ಚಿಗಾ? ನಾವು ಸಾಮಾನು ಟೆಂಪೋಕ್ಕ ಏರಿಸ್ತಿದ್ದೆವು. ಮಾಸ್ತರರು ಒಬ್ರೇ ನಿಂತು ಊದ್ತಿದ್ರು. ‘ಸಾಕು ಬರ್ರಿ ಉಸ್ತಾದ್, ಬಿರಿಯಾನಿ ಆರಾಕತ್ತದ’ ಅಂತ ಕೂಗ್ತಿದ್ದೆ.” ನಗುತ್ತಲೇ ಹೇಳಿದ. ಆಮೇಲೆ ಚರ್ಮ ಬಿಗಿಯುವ ಕೈ ನಿಂತಿತು. “ಖರೇ ಹೇಳ್ತೀನ್ರಿ, ಒಂದು ಸಾಲೂ ಬರೂದಿಲ್ಲ.”

ಮದುವೆಯ ವಿಡಿಯೊಗಳಲ್ಲಿ ಸಿಗಬೇಕಲ್ಲ ಎಂದುಕೊಂಡೆ. ಕೇಳಿ ತಂದು ಹನ್ನೊಂದು ಮನೆಗಳ ವಿಡಿಯೊ ನೋಡಿದೆ. ಒಂಬತ್ತರಲ್ಲಿ ಕ್ಯಾಮೆರಾ ಗಾಡಿಯ ಹಿಂದೆ ಓಡಿತ್ತು. ಎರಡರಲ್ಲಿ ಮಾಸ್ತರರು ಸಿಕ್ಕರು. ಬಾಗಿಲಿಗೆ ಮುಖ ಮಾಡಿ, ಗಲ್ಲ ಉಬ್ಬಿಸಿ, ಕಣ್ಣು ಮುಚ್ಚಿ ಊದುತ್ತಿದ್ದಾರೆ. ಕೇಳಿಸುವುದು ಮಾತ್ರ ತವರು ಬಿಡುವ ಹುಡುಗಿಯ ಒಂದು ಸಿನಿಮಾ ಹಾಡು. ನಮ್ಮ ಕಡೆಯ ಸ್ಟುಡಿಯೊಗಳ ಪದ್ಧತಿಯೇ ಅದು.

“ಹಾರ್ನು, ಅಳೂದು, ಬ್ಯಾಂಡು, ಎಲ್ಲಾ ತೆಗೆದೇ ಹಾಡು ಹಾಕೂದ್ರಿ,” ಎಂದರು ಎರಡನ್ನೂ ತೆಗೆದ ಸ್ಟುಡಿಯೊದವರು. “ಗಿರಾಕಿನೇ ಕೇಳ್ತಿದ್ರು, ಚಂದ ಮಾಡಿ ಕೊಡ್ರಿ ಅಂತ.”

“ಮೂಲ ಕ್ಯಾಸೆಟ್?”

“ಅದರ ಮ್ಯಾಲೇ ಮುಂದಿನ ಮದುವಿ ತಕ್ಕೊಂಡೀವಿ. ಮಾಸ್ತರರ ಫೋಟೊ ಬೇಕಾದ್ರ ದೊಡ್ಡದು ಮಾಡಿ ಕೊಡ್ತೀನಿ. ಆವಾಜ್ ಎಲ್ಲಿಂದ ತರ್ಲಿ?”

ಉಳಿದವರು ಎಂದರೆ ತಾಯಂದಿರು. ಅಕ್ಕನ ಮದುವೆಗೂ ಮಾಸ್ತರರೇ ಬಂದಿದ್ದರಾದ್ದರಿಂದ ನಮ್ಮ ಅವ್ವನನ್ನೇ ಕೇಳಿದೆ.

“ನೆನಪದ. ಕೇಳಿದ್ರ ಗುರುತು ಹಿಡೀತೀನಿ. ಹಾಡು ಅಂದ್ರ ಬರೂದಿಲ್ಲ.”

“ಒಂದು ಸಾಲು, ಅವ್ವ.”

“ಅಳಾಕತ್ತಿದ್ದೆನೋ, ಸಾಲು ಎಣಿಸಾಕತ್ತಿದ್ದೆನೋ?”

ಮೋರಖಂಡಿಯ ತನಕ ಹೋಗಿ ಇನ್ನೂ ಆರು ತಾಯಂದಿರನ್ನು ಕೇಳಿದೆ. ಬೇರೆ ಬೇರೆ ಮಾತಿನಲ್ಲಿ ಎಲ್ಲರೂ ಇದನ್ನೇ ಹೇಳಿದರು.

ಫೆಬ್ರವರಿ ೧೬ರಂದು ಮದುವೆ. ಮನೆಯ ಮುಂದಿನ ಪೆಂಡಾಲಿನಲ್ಲಿ ಮಾಸ್ತರರನ್ನು ಗಾಲಿಕುರ್ಚಿಯಲ್ಲಿ ಕೂರಿಸಿದ್ದೆವು. ಶಿಷ್ಯ ತನ್ನ ಬ್ಯಾಂಡು ತಂದಿದ್ದ. ತಾನೇ ಕ್ಲಾರಿನೆಟ್ ಹಿಡಿದು ಮೊದಲ ಭಾಗ ಊದಿದ. ಎಂದಿನಂತೆ ನನಗೆ ಕಿವಿ ಕೊರೆಯಿತು. ಸುತ್ತಲಿನವರೆಲ್ಲ ಅತ್ತರು. ಗಾಡಿ ಹೋಯಿತು. ಅವನು ಟೆಂಪೋ ಕಡೆ ಹೋಗದೆ ಮನೆಯತ್ತ ತಿರುಗಿ ನಿಂತ. ಬಾಗಿಲಲ್ಲಿ ಆಪಾ ಒಬ್ಬರೇ ನಿಂತಿದ್ದರು. ಅವನು ತನ್ನ ಮನಸ್ಸಿಗೆ ಬಂದ ಏನನ್ನೋ ಶುರು ಮಾಡಿದ. ಮಾಸ್ತರರು ತಲೆಯಾಡಿಸಿದರು, ಅದಲ್ಲ. ಇನ್ನೊಂದು ಊದಿದ. ಅದೂ ಅಲ್ಲ.

ಆಗ ಮಾಸ್ತರರ ಎಡಗೈ ಬೆರಳುಗಳು ತೊಡೆಯ ಮೇಲಿನ ಶಾಲಿನಲ್ಲಿ ಆಡತೊಡಗಿದವು. ಎತ್ತುವುದು, ಒತ್ತುವುದು, ನಡುವೆ ತುಸು ಕಾಯುವುದು. ಶಿಷ್ಯ ಮೊಣಕಾಲೂರಿ ಕುಳಿತು ನೋಡಿದ. ತನ್ನ ಬೆರಳನ್ನೂ ಹಾಗೇ ಆಡಿಸಲು ಹೋಗಿ ಬಿಟ್ಟುಬಿಟ್ಟ.

“ಮ್ಯಾಲಿನ ತೂತು ಒತ್ತೂ ಕೈ ಅಷ್ಟೇ ಅದ ರಿ. ಕೆಳಗಿನ ತೂತು ಬಲಗೈದು. ಅದಿಲ್ಲದ ಯಾವ ಸ್ವರ ಅಂತ ಹೇಳಲಿ?”

ಮಾಸ್ತರರು ಧಾಟಿಯನ್ನು ಬೆರಳಲ್ಲೇ ಕೊನೆಯವರೆಗೂ ಊದಿ ಮುಗಿಸಿದರೆಂದು ಕಾಣುತ್ತದೆ. ಬೆರಳು ನಿಂತವು. ಏನೂ ಕೇಳಿಸಲಿಲ್ಲ. ಆಪಾ ಬಂದು ಆ ಕೈಯನ್ನು ಶಾಲಿನೊಳಗೆ ಇಟ್ಟು, ಕುರ್ಚಿಯನ್ನು ಒಳಗೆ ತಳ್ಳಿಕೊಂಡು ಹೋದರು.

ಮೊನ್ನೆ ಶುಕ್ರವಾರ ಹೋದಾಗ ಎಡಗೈ ಬೆರಳುಗಳೂ ನಿಧಾನವಾಗಿದ್ದವು. ಮತ್ತೊಮ್ಮೆ ಸಣ್ಣ ಹೊಡೆತ ಬಿದ್ದಿರಬಹುದು ಎಂದರು ಡಾಕ್ಟರು. ತಲೆಯಾಡಿಸುವುದು ಮಾತ್ರ ಇನ್ನೂ ಇದೆ. ತಾಯಂದಿರು ಗುರುತು ಹಿಡಿದರೂ, ಸಾಲುಸಾಲೂ ಸರಿಯಿದೆ ಎನ್ನಬಲ್ಲವರು ಅವರೊಬ್ಬರೇ. ಅದೂ ಎಷ್ಟು ದಿನವೋ ತಿಳಿಯದು. ನನಗೇನೂ ಭರವಸೆ ಉಳಿದಿಲ್ಲ.

ಆದರೂ ಕೇಳುತ್ತೇನೆ. ನಿಮ್ಮ ಮನೆಯ ಮದುವೆಯಲ್ಲಿ ಗಾಡಿ ಹೋದ ಮೇಲೆ ಒಬ್ಬರು ಬಾಗಿಲಿಗೆ ಮುಖ ಮಾಡಿ ಕ್ಲಾರಿನೆಟ್ ಊದಿದ್ದರೆ, ಹಾಡು ಸೇರಿಸದ ವಿಡಿಯೊ ಎಲ್ಲಾದರೂ ಬಿದ್ದಿದ್ದರೆ, ಅಥವಾ ನಿಮ್ಮ ತಾಯಿ ರೊಟ್ಟಿ ಬಡಿಯುವಾಗ ಅರ್ಧ ಸಾಲು ಗುನುಗುತ್ತಿದ್ದರೆ, ಈ ಬರಹ ಅಚ್ಚಾದ ಪತ್ರಿಕೆಯ ವಿಳಾಸಕ್ಕೆ ಬರೆದು ನನಗೆ ತಿಳಿಸಿ. ಅದು ನಿಮಗೆ ಇಷ್ಟವಾಗಿರಬೇಕೆಂದಿಲ್ಲ. ನನಗೂ ಇಷ್ಟವಿಲ್ಲ. ಬೇಗ ತಿಳಿಸಿ.